ಟ್ರ್ಯಾಕ್ಟರ್ ಮಾವನ ಮನೆಯ ದವಾಖಾನೆ

ನಮ್ಮ ಕಡೆ ಸೊಸೆಯಂದಿರು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ನಾನು ಬೆಟ್ಟದೂರು ತೆರೆಕ್-ಸೂಗೆ ಮದುವೆಯಾಗಿ ಬಂದ ಹೊಸದರಲ್ಲಿ, ಪಕ್ಕದ ಮನೆಯ ಒರೋಜಾಕುನ್ ಅವರನ್ನು ಏನೆಂದು ಕರೆಯಲಿ ಎಂದು ಅತ್ತೆಯನ್ನು ಕೇಳಿದೆ. ಅವರು ನನ್ನ ಮಾವನ ಓರಗೆಯವರು, ದೂರದ ದಾಯಾದಿಯೂ ಹೌದು. ಅತ್ತೆ ಬೇಲಿಯಾಚೆ ನಿಂತಿದ್ದ ನೀಲಿ ಟ್ರ್ಯಾಕ್ಟರನ್ನು ನೋಡಿ, "ಟ್ರ್ಯಾಕ್ಟರ್ ಮಾವ ಅನ್ನು, ಸಾಕು" ಎಂದರು. ಅಂದಿನಿಂದ ನನಗೆ ಅವರು ಟ್ರ್ಯಾಕ್ಟರ್ ಮಾವ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡು ಇಲ್ಲಿ ಹಿರಿಯರ ಹೆಸರುಗಳನ್ನು ಬರೆದಿದ್ದೇನೆ.

ಸಾಮೂಹಿಕ ಬೇಸಾಯದ ಕಾಲದಲ್ಲಿ ಅವರು ಟ್ರ್ಯಾಕ್ಟರ್ ಓಡಿಸುತ್ತಿದ್ದರಂತೆ. ಆ ಸಾಮೂಹಿಕ ಬೇಸಾಯ ಮುರಿದುಬಿದ್ದು ಊರವರೆಲ್ಲ ಕುರಿ, ಕುದುರೆ, ತಗಡು, ಮರ ಹಂಚಿಕೊಂಡಾಗ ಇವರ ಪಾಲಿಗೆ ಆ ಟ್ರ್ಯಾಕ್ಟರೇ ಬಂತು. ಎತ್ತರದ ಆಳು, ತುಸು ಬಾಗಿದ ಬೆನ್ನು, ಬಿಳಿ ಕಂಬಳಿ ಟೋಪಿ. ಗೊಣಗದೆ ಅವರಿಂದ ಒಂದು ಕೆಲಸವೂ ಆಗುತ್ತಿರಲಿಲ್ಲ. ಒಲೆ ಹೊಗೆಯಾಡಿದರೆ ಒಲೆಯನ್ನು ಬೈಯುವರು, ಹಸು ಒದ್ದರೆ ಹಸುವನ್ನು, ಯಾರೂ ಸಿಗದಿದ್ದರೆ ಗಾಳಿಯನ್ನು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ದೂರದ ಊರು ಸೇರಿದ್ದರು. ಹೆಂಡತಿ ಕಾಲ್ಬೂಬೂ ತೀರಿಕೊಂಡು ವರ್ಷಗಳಾಗಿದ್ದವು. ನಾನು ಆಕೆಯನ್ನು ನೋಡಿದವಳಲ್ಲ. ಆಕೆ ಹೊಲಿದ ಕೌದಿಗಳನ್ನು ನೋಡಿದ್ದೇನೆ, ಮುಂದಿನ ಅತಿಥಿ ಕೋಣೆಯಲ್ಲಿ ನೆಲದಿಂದ ತೊಲೆಯವರೆಗೂ ಒಟ್ಟಿದ್ದ ಕೆಂಪು, ಹಳದಿ, ನೇರಳೆ ಕೌದಿಗಳು. ಆ ಕೋಣೆಯ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಆಕೆಯ ಹೆಸರನ್ನು ಟ್ರ್ಯಾಕ್ಟರ್ ಮಾವ ಎತ್ತುತ್ತಿರಲಿಲ್ಲ. ಅವರ ಎದುರಿಗೆ ಊರವರೂ ಎತ್ತುತ್ತಿರಲಿಲ್ಲ.

ಆಗ ನಮ್ಮ ಊರಲ್ಲಿ ದವಾಖಾನೆ ಇರಲಿಲ್ಲ. ಹಿಂದೊಂದು ಕಾಲದಲ್ಲಿ ಇತ್ತು. ಸರ್ಕಾರ ಬದಲಾದ ಗಲಾಟೆಯಲ್ಲಿ ಅಲ್ಲಿದ್ದ ದಾದಿ ಬಿಟ್ಟುಹೋದಳು, ಆಮೇಲೆ ಕಿಟಕಿಗಳು ಹೋದವು, ಬಾಗಿಲು ಹೋಯಿತು, ಒಂದು ಚಳಿಗಾಲದ ಹಿಮಕ್ಕೆ ಮಾಡೂ ಕುಸಿಯಿತು. ಜ್ವರವಾದರೂ ಹೆರಿಗೆಯಾದರೂ ಕಣಿವೆ ದಾಟಿ ಜಿಲ್ಲಾ ಆಸ್ಪತ್ರೆಗೇ ಹೋಗಬೇಕು. ಕಣಿವೆಯಲ್ಲಿ ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. ದಾರಿ ತೆರೆಯುವವರೆಗೆ ಕಾಯಿಲೆಯೂ ಕಾಯಬೇಕು.

ನಾನು ಚೊಚ್ಚಲು ಬಸುರಿಯಾಗಿದ್ದ ವರ್ಷ ಜಿಲ್ಲೆಯಿಂದ ಒಂದು ಮಾತು ಬಂತು: ಒಬ್ಬ ಆರೋಗ್ಯ ಸಹಾಯಕಿಯನ್ನು ಕೊಡುತ್ತೇವೆ, ಬೆಚ್ಚಗಿರುವ ಒಂದು ಕೋಣೆಯನ್ನು ನೀವು ಕೊಡಿ, ಕಟ್ಟಡ ಆಮೇಲೆ ನೋಡೋಣ. ಊರಿನ ಮುಖ್ಯಸ್ಥ ಶಾಲೆಯಲ್ಲಿ ಎಲ್ಲರನ್ನೂ ಸೇರಿಸಿದ. ಯಾರು ಕೊಡುತ್ತೀರಿ ಎಂದು ಕೇಳಿದ ಕೂಡಲೇ ಎಲ್ಲರಿಗೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಳ್ಳುವ ಕೆಲಸ ಬಂತು. ಒಬ್ಬನ ಮನೆಯಲ್ಲಿ ತಂಗಿಯ ಮದುವೆ, ಇನ್ನೊಬ್ಬನ ಮನೆಯ ಒಲೆ ಸರಿಯಿಲ್ಲ, ಮತ್ತೊಬ್ಬನ ಅತ್ತೆಗೆ ಔಷಧದ ವಾಸನೆ ಆಗದು.

ಆಗ ನನ್ನ ಮಾವ ಮಾಮಿರ್ಕುಲ್ ಬಾಯಿ ಹಾಕಿದರು. ಇವರಿಬ್ಬರೂ ಒಂದೇ ವರ್ಷ ಹುಟ್ಟಿದವರು. ಓರಗೆಯವರು ಒಬ್ಬರನ್ನೊಬ್ಬರು ಎಷ್ಟು ಕೆಣಕಿದರೂ ಯಾರೂ ಬೇಸರ ಮಾಡಿಕೊಳ್ಳಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಇಬ್ಬರೂ ಆ ಹಕ್ಕನ್ನು ಒಂದು ದಿನವೂ ಬಿಟ್ಟವರಲ್ಲ.

"ನಮ್ಮ ಟ್ರ್ಯಾಕ್ಟರ್ ಸಾಹೇಬರ ಮನೇಲಿ ಒಂದು ಅತಿಥಿ ಕೋಣೆ ಇದೆಯಲ್ಲ," ಎಂದರು ನನ್ನ ಮಾವ. "ಅತಿಥಿಗಳು ಬಂದಿದ್ದು ನಾನಂತೂ ಕಾಣೆ. ನುಸಿಗಳಿಗೆ ಚೆನ್ನಾಗಿ ಸತ್ಕಾರ ನಡೀತಾ ಇದೆ."

ಎಲ್ಲರೂ ನಕ್ಕರು. ಟ್ರ್ಯಾಕ್ಟರ್ ಮಾವ ಎದ್ದು ನಿಂತರು. "ನಿನ್ನ ಮನೇಲಿ ಐದು ಕೋಣೆ ಇದೆ, ಐದರಲ್ಲೂ ನಿನ್ನ ಗೊರಕೆನೇ ತುಂಬಿದೆ. ಅಲ್ಲಿ ರೋಗಿಗಳು ಎಲ್ಲಿ ಮಲಗ್ತಾರೆ?"

"ಮಾತು ತಿರುಗಿಸಬೇಡ ಕಣೋ. ಕೊಡ್ತೀಯೋ ಇಲ್ವೋ?"

"ಕೊಡ್ತೀನಿ. ಒಂದು ಚಳಿಗಾಲ. ಒಂದೇ ಒಂದು." ಹಾಗೆಂದವರೇ ಟೋಪಿ ಹಾಕಿಕೊಂಡು ಹೊರಟುಬಿಟ್ಟರು. ಯಾಕಾದರೂ ಹಾಗೆಂದೆನೋ ಎಂದು ದಾರಿಯುದ್ದಕ್ಕೂ ಗೊಣಗುತ್ತಾ ಹೋದರೆಂದು ಹಿಂದೆಯೇ ಬಂದ ನನ್ನ ಗಂಡ ಹೇಳಿದ.

ಬಂದವಳು ಬುರುಲ್. ಡಾಕ್ಟರಲ್ಲ, ಬರೀ ದಾದಿಯೂ ಅಲ್ಲ. ಎರಡರ ನಡುವಿನ ಓದು. ಸೂಜಿ ಹಾಕುವುದು, ಹೆರಿಗೆ ಮಾಡಿಸುವುದು, ಪ್ರೆಷರ್ ನೋಡುವುದು, ಯಾರನ್ನು ಯಾವಾಗ ಆಸ್ಪತ್ರೆಗೆ ಕಳಿಸಬೇಕೆಂದು ನಿರ್ಧರಿಸುವುದು ಅವಳ ಕೆಲಸ. ಮೂವತ್ತು ದಾಟಿದ, ಗಟ್ಟಿ ಮೈಕಟ್ಟಿನ, ಬೇಗಬೇಗ ನಡೆಯುವ ಹೆಂಗಸು. ಗಂಡ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಗಳನ್ನು ಕರೆದುಕೊಂಡು ಶಾಲೆಯ ಹಿಂದಿನ ಮನೆಯೊಂದರಲ್ಲಿ ಬಾಡಿಗೆಗೆ ಇಳಿದಳು.

ಮೊದಲ ದಿನವೇ ಜಗಳ. ಕೌದಿಗಳನ್ನು ತೆಗೆಯಬೇಕು, ಧೂಳು ಕೂಡಿಕೊಳ್ಳುತ್ತದೆ ಎಂದಳು ಬುರುಲ್.

"ಕೋಣೆ ಕೊಟ್ಟಿದೀನಿ. ಕೌದಿ ಕೊಟ್ಟಿಲ್ಲ."

"ಯಜಮಾನರೇ, ಇಲ್ಲಿ ಎಳೇ ಮಕ್ಕಳು ಬರ್ತಾರೆ."

"ಬರಲಿ. ಕೌದಿ ಮಕ್ಕಳನ್ನ ಕಚ್ಚಲ್ಲ."

ಬುರುಲ್ ಮಾತು ಬೆಳೆಸದೆ ಮನೆಗೆ ಹೋಗಿ ಎರಡು ಬಿಳಿ ಚಾದರ ತಂದು ಕೌದಿಗಳ ರಾಶಿಯನ್ನು ತಲೆಯಿಂದ ಬುಡದವರೆಗೆ ಸುತ್ತಿ, ಅಂಚುಗಳನ್ನು ಹೊಲಿದುಬಿಟ್ಟಳು. ಟ್ರ್ಯಾಕ್ಟರ್ ಮಾವ ಬಾಗಿಲಲ್ಲಿ ನಿಂತು ಹೊಲಿಗೆ ಮುಗಿಯುವವರೆಗೂ ನೋಡಿದರು. ನಂತರ ಕೇಳದೆಯೇ ಒಲೆಗೆ ಇನ್ನೊಂದು ಬುಟ್ಟಿ ಕಲ್ಲಿದ್ದಲು ಹಾಕಿದರು.

ಆ ಒಂದು ಚಳಿಗಾಲ ಕಳೆಯಿತು. ಕಟ್ಟಡದ ಸುದ್ದಿಯಿಲ್ಲ. ಇನ್ನೊಂದು ಕಳೆಯಿತು. ನನ್ನ ಮೂರೂ ಮಕ್ಕಳಿಗೆ ಮೊದಲ ಸೂಜಿ ಬಿದ್ದದ್ದು ಆ ಕೋಣೆಯಲ್ಲೇ. ಒಳಗೆ ಒಬ್ಬರನ್ನು ನೋಡುವಾಗ ಮಿಕ್ಕವರು ಕೂರುವುದಕ್ಕೆ ಜಾಗವೆಲ್ಲಿ? ಟ್ರ್ಯಾಕ್ಟರ್ ಮಾವನ ಅಡುಗೆಮನೆಯಲ್ಲಿ. ಬಾಗಿಲಲ್ಲಿ ಬೂಟುಗಳ ರಾಶಿ, ಒಲೆಯ ಸುತ್ತ ಕೆಮ್ಮುವವರು, ಅಳುವ ಮಕ್ಕಳು, ಸೊಂಟ ಹಿಡಿದುಕೊಂಡ ಮುದುಕಿಯರು. ಚಹಾ ಕೊಡದೆ ಕೂರಿಸುವುದು ನಮ್ಮಲ್ಲಿ ಆಗದ ಮಾತು. ಮಾವ ಬೆಳಗಿನಿಂದಲೇ ಕೆಟಲು ಏರಿಸುತ್ತಿದ್ದರು. "ಇದೇನು ಮನೆಯೋ ರೈಲ್ವೆ ಸ್ಟೇಷನ್ನೋ" ಎಂದು ಬೈಯುತ್ತಲೇ ಬಟ್ಟಲುಗಳನ್ನು ತುಂಬುತ್ತಿದ್ದರು. ಬರುವವರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬರು ರೊಟ್ಟಿ, ಒಬ್ಬರು ಬೆಣ್ಣೆ, ಒಬ್ಬರು ಒಣಗಿದ ಜರ್ದಾಲು ಹಣ್ಣು. ಕೆಲವು ಹೆಂಗಸರಿಗೆ ಕಾಯಿಲೆಗಿಂತ ಆ ಒಲೆಯ ಬದಿಯ ಹರಟೆಯೇ ಮುಖ್ಯವಾಯಿತು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹೇಳುತ್ತಲೇ ಮುಸುಕು ಕಟ್ಟಿಕೊಂಡು ತಾವೂ ಹೊರಡುತ್ತಿದ್ದರು.

ಆ ಮನೆಯ ಗೋಡೆ ತೆಳು. ಒಳಗೆ ಹೆಂಗಸರು ತಮ್ಮ ತೊಂದರೆ ಹೇಳಿಕೊಳ್ಳುವುದು ಅಡುಗೆಮನೆಗೆ ಕೇಳುತ್ತಿತ್ತು. ಅದು ಗೊತ್ತಾದ ದಿನದಿಂದ, ಯಾವುದಾದರೂ ಹೆಂಗಸು ಒಳಗೆ ಹೋದ ತಕ್ಷಣ ಮಾವ ಅಂಗಳಕ್ಕೆ ಹೋಗಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುತ್ತಿದ್ದರು. ಗಡಗಡ ಸದ್ದಿಗೆ ಇಡೀ ಮನೆಯೇ ಅದುರುತ್ತಿತ್ತು. ನನ್ನ ಮಾವನಿಗೆ ಇದು ಅರ್ಥವಾಗದೆ, "ಎಲ್ಲಿಗೂ ಹೋಗಲ್ಲ, ಏನೂ ಉಳಲ್ಲ, ಡೀಸೆಲ್ ಸುಡ್ತಾ ಕೂತಿರ್ತಾನೆ, ತಲೆ ಕೆಟ್ಟಿದೆ" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು. ಯಾಕೆಂದು ನಮಗೆ ಹೆಂಗಸರಿಗೆ ಗೊತ್ತಿತ್ತು. ನಾವು ಹೇಳಲಿಲ್ಲ.

ಊರಲ್ಲಿ ನಲವತ್ತು ದಾಟಿದ ಎಲ್ಲರ ಪ್ರೆಷರ್ ನೋಡಬೇಕೆಂದು ಬುರುಲ್ ಹಟ ಹಿಡಿದಿದ್ದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಆ ಯಂತ್ರ ಊರಿಗೆಲ್ಲ ಒಂದು ಆಟವೇ ಆಯಿತು. ನನ್ನ ಮಾವನಿಗೆ ಪ್ರೆಷರ್ ಜಾಸ್ತಿ ಎಂದು ಗೊತ್ತಾದಾಗ ಹೆದರುವುದು ಬಿಟ್ಟು ಜಂಬ ಪಟ್ಟರು. ಕುದುರೆ ಪಂದ್ಯದಲ್ಲಿ ಗೆದ್ದವರ ಹಾಗೆ ಸಂಖ್ಯೆ ಹೇಳಿಕೊಂಡು ತಿರುಗಿದರು. ಬುರುಲ್ ಕೊಟ್ಟ ಮಾತ್ರೆಯನ್ನು ಎಲ್ಲರೂ ನೋಡುವಂತೆ ಅಂಗೈಯಲ್ಲಿಟ್ಟು ಬಾಯಿಗೆ ಎಸೆದುಕೊಳ್ಳುತ್ತಿದ್ದರು. ಹಟಮಾರಿ ಮುದುಕರು ಬಂದರು, ಕುರಿ ಕಾಯುವವರು ಬಂದರು, ಮುಲ್ಲಾ ಕೂಡ ಬಂದು ತೋಳು ಚಾಚಿದರು. ಬರದೆ ಉಳಿದವರು ಒಬ್ಬರೇ.

"ಯಜಮಾನರೇ, ಬನ್ನಿ ಈಚೆ, ಎರಡು ನಿಮಿಷ," ಎಂದು ಬುರುಲ್ ಬಾಗಿಲಿನಿಂದ ಕರೆಯುವಳು.

"ನಾನು ಮನೆ ಮಾಲೀಕ. ರೋಗಿ ಅಲ್ಲ."

"ಮಾಲೀಕರಿಗೆ ರಕ್ತ ಇರಲ್ವಾ?"

"ಇರುತ್ತೆ. ಅದರ ಪಾಡಿಗೆ ಅದು ಓಡಾಡ್ತಾ ಇದೆ, ಬಿಡು."

ಹೀಗೆ ವರ್ಷಗಟ್ಟಲೆ ನಡೆಯಿತು. ಎಲ್ಲರೂ ಅದನ್ನು ತಮಾಷೆಯೆಂದೇ ತಿಳಿದಿದ್ದೆವು. ಆಗಾಗ ಅವರು ಕತ್ತಿನ ಹಿಂಭಾಗವನ್ನು ಒತ್ತಿಕೊಳ್ಳುವುದನ್ನು, ಬೆಳಗ್ಗೆ ಹಸು ಕರೆಯುವಾಗ ಹಣೆಯನ್ನು ಅದರ ಹೊಟ್ಟೆಗೆ ಆನಿಸಿ ಸುಮ್ಮನೆ ಕೂರುವುದನ್ನು ನಾನು ಬೇಲಿಯಿಂದ ನೋಡಿದ್ದೆ. ಬುರುಲ್‌ಗೆ ಹೇಳಿದೆ. ಅವಳೂ ನೋಡಿದ್ದಳಂತೆ. "ಹಿಡಿದು ಕಟ್ಟಿಹಾಕೋಕೆ ಆಗುತ್ತಾ? ಅವರಾಗೇ ಕೈ ಕೊಡಬೇಕು" ಎಂದಳು.

ಒಂದು ವಸಂತದಲ್ಲಿ, ಹಿಮ ಕರಗಿ ಅಂಗಳವೆಲ್ಲ ಕೆಸರಾಗಿದ್ದ ದಿನ, ನಾನು ಕಿರಿಯ ಮಗಳನ್ನು ಸೂಜಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಮಾವನೂ ಮಾತ್ರೆಗೆಂದು ಬಂದು ಒಲೆಯ ಬಳಿ ಕೂತಿದ್ದರು. ಟ್ರ್ಯಾಕ್ಟರ್ ಮಾವ ಚಹಾ ಸುರಿಯುತ್ತಿದ್ದರು. ಕೆಟಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಲಿಲ್ಲ. ತಮ್ಮ ಬಲಗೈಯನ್ನೇ, ಅದು ಬೇರೆ ಯಾರದೋ ಎಂಬಂತೆ ನೋಡುತ್ತಾ ನಿಂತರು. ಏನೋ ಹೇಳಲು ಹೋದರು, ಮಾತು ತೊದಲಿತು.

ಬುರುಲ್ ಒಳಗಿನಿಂದ ಓಡಿ ಬಂದು ಅವರನ್ನು ಹಿಡಿದು ಕೂರಿಸಿದಳು. ನಗು ತೋರಿಸಿ ಎಂದಳು, ಎರಡೂ ಕೈ ಎತ್ತಿ ಎಂದಳು. ಸ್ವಲ್ಪ ಹೊತ್ತಿಗೆ ಕೈ ಬಂತು, ಮಾತೂ ಸರಿಹೋಯಿತು. ಸರಿಹೋದ ಕೂಡಲೇ ಅವರು ಎದ್ದರು.

"ಏನಿಲ್ಲ. ಕೈ ಜೋಮು ಹಿಡಿದಿತ್ತು."

"ಕೂತ್ಕೊಳ್ಳಿ," ಎಂದಳು ಬುರುಲ್. ಪಟ್ಟಿ ತಂದಿದ್ದಳು.

"ಅದನ್ನ ಆಚೆ ಇಡು."

ನನ್ನ ಮಾವ ಎದ್ದು ಬಂದು ಅವರ ಎದುರಿಗೆ ಕೂತರು. ಕೆಣಕುವ ದನಿಯಿರಲಿಲ್ಲ. "ಲೋ, ಹಿಮದಲ್ಲಿ ಟ್ರ್ಯಾಕ್ಟರ್ ಮಗುಚಿಬಿದ್ದಾಗ ಕೆಳಗಿಂದ ನಗ್ತಾ ಎದ್ದು ಬಂದೋನು ನೀನು. ಒಂದು ತುಂಡು ಬಟ್ಟೆಗೆ ಯಾಕೆ ಹೆದರ್ತೀಯೋ?"

"ಬಟ್ಟೆಗಲ್ಲ," ಎಂದರು ಟ್ರ್ಯಾಕ್ಟರ್ ಮಾವ.

ಅವರು ಬುರುಲ್ ಕಡೆ ತಿರುಗಿದರು.

"ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬೇಡ. ಕಾಲ್ಬೂಬೂಗೆ ಒಂದು ವರ್ಷ ತಲೆನೋವಿತ್ತು. ಕತ್ತಿನ ಹಿಂದೆ. ಕಣ್ಣು ಮಂಜಾಗುತ್ತೆ ಅನ್ನೋಳು. ನಾನು, ತಲೆಗೆ ಬಟ್ಟೆ ಬಿಗಿದುಕೋ, ಕುರಿ ಸಾರು ಕುಡಿ ಅಂದೆ. ಅವಳು ಬಟ್ಟೆ ಬಿಗಿದುಕೊಂಡೇ ಕಣದಲ್ಲಿ ಗೋಧಿ ತೂರ್ತಾ ಬಿದ್ದಳು. ನೀನು ದಿನಾ ಈ ಕೋಣೇಲಿ ಕಟ್ತೀಯಲ್ಲ ಆ ಪಟ್ಟಿ, ಅದನ್ನ ಅವಳ ತೋಳಿಗೆ ಕಟ್ಟಿದ್ದಿದ್ರೆ ಗೊತ್ತಾಗ್ತಿತ್ತಾ?"

ಬುರುಲ್ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಗೊತ್ತಾಗ್ತಿತ್ತು, ಅಪ್ಪ," ಎಂದಳು. ಯಜಮಾನರೇ ಅನ್ನುವುದನ್ನು ಬಿಟ್ಟು ಅಪ್ಪ ಎಂದದ್ದು ಅವತ್ತೇ ಮೊದಲು.

"ಮಾತ್ರೆ ಕೊಟ್ಟಿದ್ರೆ ಬದುಕ್ತಿದ್ದಳಾ?"

"ಬದುಕ್ತಿದ್ದರೇನೋ. ಖಂಡಿತ ಅಂತ ಹೇಳಕ್ಕೆ ಆಗಲ್ಲ. ಆದರೆ ಆ ವರ್ಷ ಈ ಊರಲ್ಲಿ ಪಟ್ಟಿ ಕಟ್ಟೋಕೆ ಯಾರಿದ್ರು?"

"ಯಾರೂ ಇರಲಿಲ್ಲ," ಎಂದರು ನನ್ನ ಮಾವ ನಡುವೆ. "ದವಾಖಾನೆ ಬಾಗಿಲು ನನ್ನ ಕೊಟ್ಟಿಗೇಲಿತ್ತು. ಕಳ್ಳತನ ಮಾಡಿದ್ದು ನಾನೇ. ಎಲ್ಲರೂ ಒಂದೊಂದು ತಗೊಂಡ್ರಿ, ನಾನು ಬಾಗಿಲು ತಗೊಂಡೆ."

ಇದನ್ನು ಕೇಳಿ ಯಾರಿಗೂ ನಗು ಬರಲಿಲ್ಲ. ಟ್ರ್ಯಾಕ್ಟರ್ ಮಾವ ಮುಖ ಒರೆಸಿಕೊಂಡರು. ಆಮೇಲೆ ಅಂಗಿಯ ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಿಸಿ ಕೈ ಚಾಚಿದರು. ಬುರುಲ್ ಪಟ್ಟಿ ಕಟ್ಟಿದಳು. ಸಂಖ್ಯೆ ನೋಡಿ, ಇನ್ನೊಮ್ಮೆ ಗಾಳಿ ತುಂಬಿ ನೋಡಿದಳು.

"ಎಷ್ಟು?" ಎಂದರು ನನ್ನ ಮಾವ.

"ನಿಮ್ಮದಕ್ಕಿಂತ ಬಹಳ ಜಾಸ್ತಿ."

"ಇದರಲ್ಲೂ ನನ್ನ ಸೋಲಿಸಬೇಕಾ ಇವನು," ಎಂದು ಹೇಳಿ ನನ್ನ ಮಾವ ಕಾರು ತರಲು ಎದ್ದುಹೋದರು. ಅವರ ಕಣ್ಣು ಕೆಂಪಾಗಿತ್ತು.

ಕಣಿವೆಯ ದಾರಿ ತೆರೆದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಒಂದಷ್ಟು ದಿನ ಮಲಗಿಸಿಕೊಂಡರು. ಹೆಣ್ಣುಮಕ್ಕಳಿಬ್ಬರೂ ಓಡಿ ಬಂದರು. ವಾಪಸು ಬಂದಾಗ ಟ್ರ್ಯಾಕ್ಟರ್ ಮಾವನ ಗೊಣಗು ಹೊಸ ವಿಷಯಗಳಿಂದ ತುಂಬಿತ್ತು: ಆಸ್ಪತ್ರೆಯ ಗಂಜಿ, ಪಕ್ಕದ ಹಾಸಿಗೆಯವನ ಕೆಮ್ಮು, ಉಪ್ಪಿಲ್ಲದ ಮಾಂಸ. ಆದರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಗ್ಗೆ ಇಬ್ಬರು ಮುದುಕರೂ ಬೇಲಿಯ ಆಚೆ ಈಚೆ ನಿಂತು ಒಟ್ಟಿಗೇ ಮಾತ್ರೆ ನುಂಗಿ, ಒಂದೇ ಚೊಂಬಿನಿಂದ ನೀರು ಕುಡಿದು, ಜಗಳ ಶುರುಮಾಡುತ್ತಿದ್ದರು.

ಅದರ ಮುಂದಿನ ಬೇಸಿಗೆಯಲ್ಲಿ ಕಡೆಗೂ ಹೊಸ ಕಟ್ಟಡ ಎದ್ದಿತು. ರಸ್ತೆಯ ಬದಿಯಲ್ಲಿ, ಹಸಿರು ತಗಡಿನ ಮಾಡು, ಬಿಳಿ ಗೋಡೆ. ಅಧಿಕಾರಿಗಳು ಬಂದರು, ಒಂದು ಕುರಿ ಕೊಯ್ದರು, ಭಾಷಣಗಳಾದವು. ಕೋಣೆ ಕೊಟ್ಟವರಿಗೆಂದು ಟ್ರ್ಯಾಕ್ಟರ್ ಮಾವನಿಗೆ ಒಂದು ನಿಲುವಂಗಿ ಹೊದಿಸಿದರು. ಅವರು ಅದನ್ನು ಹೊದ್ದು, ಕಟ್ಟಡದ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಸುಣ್ಣ ಉದುರುತ್ತದೆ ಎಂದರು.

ಅವರ ಮನೆ ಖಾಲಿಯಾಯಿತು. ಹಳೆಯ ಅಭ್ಯಾಸದಿಂದ ಕೆಲವರು ಅಲ್ಲಿಗೇ ಹೋಗಿ ಬೂಟು ಬಿಚ್ಚುತ್ತಿದ್ದರು. "ಇಲ್ಲಿಲ್ಲ, ಅಲ್ಲಿ, ರಸ್ತೆ ಹತ್ರ" ಎಂದು ಮಾವ ಬೈಯುವರು, ಬೈದು ಒಂದು ಬಟ್ಟಲು ಚಹಾ ಕುಡಿಸಿಯೇ ಕಳಿಸುವರು. ಅದೂ ಕ್ರಮೇಣ ನಿಂತಿತು. ನಾನು ರೊಟ್ಟಿ ಕೊಡಲು ಹೋದಾಗ ಅವರು ಒಲೆಯ ಮುಂದೆ ಕೂತು ಯಾರನ್ನೂ ಬೈಯದೆ ಇದ್ದರು. ಅದನ್ನು ನೋಡಿ ನನಗೆ ಗಾಬರಿಯಾಯಿತು. ಬುರುಲ್‌ಗೆ ಹೇಳಿದೆ.

ಬುರುಲ್ ಸಂಜೆಯೇ ಬಂದಳು. ಅವಳಿಗೂ ಒಂದು ತಲೆನೋವಿತ್ತು. ಬೇಸಿಗೆಯಲ್ಲಿ ಅರ್ಧ ಊರು ಮೇಲಿನ ಹುಲ್ಲುಗಾವಲಿಗೆ ಹೋಗಿಬಿಡುತ್ತದೆ. ಅಲ್ಲಿ ಹೋದವರು ಶರತ್ಕಾಲದವರೆಗೆ ಕೆಳಗೆ ಇಳಿಯುವುದಿಲ್ಲ. ಮಕ್ಕಳ ಸೂಜಿ ತಪ್ಪುತ್ತದೆ, ಬಸುರಿಯರನ್ನು ನೋಡುವವರಿಲ್ಲ.

"ನೀವು ಕರ್ಕೊಂಡು ಹೋಗ್ತೀರಾ ಅಪ್ಪ? ಟ್ರ್ಯಾಕ್ಟರ್ ಮೇಲಕ್ಕೆ ಹತ್ತುತ್ತಾ?"

"ಹತ್ತುತ್ತಾ ಅಂತ ಕೇಳ್ತಾಳೆ," ಎಂದರು ಮಾವ ನನ್ನನ್ನು ನೋಡಿ. "ನೀನು ಹುಟ್ಟೋಕೆ ಮುಂಚೆನೇ ಅದು ಹತ್ತಿ ಇಳಿದಿದೆ."

ಹಾಗೆ ಮುಂದಿನ ವರ್ಷ ಬೇಸಿಗೆಯ ಓಡಾಟ ಶುರುವಾಯಿತು. ಟ್ರ್ಯಾಕ್ಟರಿಗೆ ಒಂದು ಟ್ರೇಲರ್, ಅದರಲ್ಲಿ ಹುಲ್ಲು ಹಾಸಿ ಬುರುಲ್, ಲಸಿಕೆ ಇಡುವ ಅವಳ ತಣ್ಣನೆಯ ಪೆಟ್ಟಿಗೆ, ತೂಕದ ಯಂತ್ರ. ನಮ್ಮ ಕುಟುಂಬವೂ ಆ ವರ್ಷ ಮೇಲೆ ಗುಡಾರ ಹಾಕಿತ್ತು. ದೂರದಿಂದಲೇ ಟ್ರ್ಯಾಕ್ಟರಿನ ಸದ್ದು ಕೇಳಿ ಮಕ್ಕಳೆಲ್ಲ ಓಡಿ ಅಡಗಿಕೊಳ್ಳುತ್ತಿದ್ದವು. ಗುಡಾರದಿಂದ ಗುಡಾರಕ್ಕೆ ಬುರುಲ್ ಹೋಗುವಳು. ಮಾವ ಹೊರಗೆ ಕೂತು ಹುಳಿ ಬರಿಸಿದ ಕುದುರೆ ಹಾಲಿನ ಕುಮಿಸ್ ಕುಡಿಯುತ್ತಾ, ನಿಮ್ಮ ಕುದುರೆಗಳ ಹಾಲಿಗೆ ರುಚಿಯಿಲ್ಲ ಎನ್ನುವರು.

ನಮ್ಮ ಗುಡಾರದಾಚೆ, ತೊರೆಯ ದಡದಲ್ಲಿ ಅಶಿರ್ ಎಂಬವನು ಕುರಿ ಮಂದೆ ಇಟ್ಟುಕೊಂಡಿದ್ದ. ಅವನ ಹೆಂಡತಿ ಜಿಪಾರ್ ಏಳು ತಿಂಗಳ ಬಸುರಿ. ಬುರುಲ್ ಅವಳನ್ನು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಜಿಪಾರ್‌ಳ ಕಾಲು ಊದಿತ್ತು, ಮುಖ ಊದಿತ್ತು, ಬೆರಳಿನ ಉಂಗುರ ಮಾಂಸದೊಳಗೆ ಹೂತಿತ್ತು. ತಲೆನೋವೆಂದು ಹಣೆಗೆ ಬಟ್ಟೆ ಬಿಗಿದುಕೊಂಡಿದ್ದಳು. ಬುರುಲ್ ಪಟ್ಟಿ ಕಟ್ಟಲು ಹೋದರೆ ಅವಳು ಗಂಡನ ಮುಖ ನೋಡಿದಳು.

"ತಲೆನೋವು ಯಾರಿಗೆ ಬರಲ್ಲ ಅಕ್ಕ," ಎಂದ ಅಶಿರ್. ಕೆಟ್ಟವನಲ್ಲ, ದಣಿದಿದ್ದ. "ನೀವು ಪಟ್ಟಿ ಕಟ್ತೀರಿ, ಏನೋ ಇದೆ ಅಂತೀರಿ, ಕೆಳಗೆ ಕರ್ಕೊಂಡು ಹೋಗು ಅಂತೀರಿ. ಉಣ್ಣೆ ಕತ್ತರಿಸೋ ಕೆಲಸ ಅರ್ಧ ಆಗಿದೆ. ಇವಳಿಲ್ಲದೆ ಹಾಲು ಯಾರು ಕರೀತಾರೆ? ಇನ್ನು ಹತ್ತು ಹದಿನೈದು ದಿನ, ಕೆಲಸ ಮುಗಿಸಿ ನಾನೇ ಇಳಿಸ್ತೀನಿ."

"ಹದಿನೈದು ದಿನ ಕಾಯೋ ಹಾಗಿಲ್ಲ ಕಣಪ್ಪ," ಎಂದಳು ಬುರುಲ್.

"ನನ್ನ ಅಮ್ಮ ಇಲ್ಲೇ ನಾಲ್ಕು ಹೆತ್ತಳು."

ಟ್ರ್ಯಾಕ್ಟರ್ ಮಾವ ಹೊರಗೆ ಕೂತಿದ್ದವರು ಇದನ್ನೆಲ್ಲ ಕೇಳುತ್ತಿದ್ದರು. ಹೆಂಗಸರ ವಿಷಯಕ್ಕೆ ಸದ್ದು ಮಾಡಿ ಕಿವಿ ಮುಚ್ಚಿಸುತ್ತಿದ್ದ ಮನುಷ್ಯ, ಅವತ್ತು ಕಂಬಳಿ ಬಾಗಿಲನ್ನು ಸರಿಸಿ ತಲೆ ಬಾಗಿಸಿ ಒಳಗೆ ಬಂದರು. ಅಶಿರ್ ಎದ್ದು ಹಿರಿಯರಿಗೆ ಜಾಗ ಬಿಟ್ಟ. ಅವರು ಕೂರಲಿಲ್ಲ.

"ನಿನ್ನ ಹೆಂಡತಿ ತಲೆಗೆ ಯಾರಪ್ಪ ಬಟ್ಟೆ ಬಿಗಿದಿದ್ದು?"

"ನಾನೇ," ಎಂದ ಅಶಿರ್.

"ನಾನೂ ಬಿಗಿದಿದ್ದೆ," ಎಂದರು ಮಾವ. ಅಷ್ಟು ಹೇಳಿ, ಕಾಲ್ಬೂಬೂ ಬಗ್ಗೆ, ಅಡುಗೆಮನೆಯಲ್ಲಿ ಅಂದು ಹೇಳಿದ್ದಕ್ಕಿಂತ ಹೆಚ್ಚಾಗಿ ಹೇಳಿದರು. ತಲೆನೋವಿನ ಆ ವರ್ಷ ಆಕೆ ಸೂಜಿಗೆ ದಾರ ಪೋಣಿಸಲಾಗದೆ ಮಗಳನ್ನು ಕರೆಯುತ್ತಿದ್ದದ್ದು. ಕಣದಲ್ಲಿ ಆಕೆ ಬಿದ್ದಾಗ ತಾವು ಬೆನ್ನು ತಿರುಗಿಸಿ ಚೀಲ ಕಟ್ಟುತ್ತಿದ್ದದ್ದು. ಸುಸ್ತಾಗಿ ಕೂತಿದ್ದಾಳೆ ಅಂದುಕೊಂಡು ಇನ್ನೂ ಒಂದು ಚೀಲ ಕಟ್ಟಿ ಮುಗಿಸಿದ್ದು. ದನಿ ಎತ್ತಲಿಲ್ಲ, ಅಳಲಿಲ್ಲ. "ನನಗೆ ಆವತ್ತು ಹೇಳೋರು ಯಾರೂ ಇರಲಿಲ್ಲ. ನಿನಗೆ ಹೇಳೋಕೆ ಇವಳು ಇಷ್ಟು ದೂರ ಬಂದಿದಾಳೆ. ಹಾಲು ಕರೆಯೋಕೆ ನಾನು ಬರ್ತೀನಿ ಕಣೋ. ನನಗೆ ಬರುತ್ತೆ."

ಜಿಪಾರ್ ತಾನೇ ತೋಳು ಚಾಚಿದಳು. ಪಟ್ಟಿ ಕಟ್ಟಿ ನೋಡಿದರೆ ಪ್ರೆಷರ್ ವಿಪರೀತ ಏರಿತ್ತು. ಬುರುಲ್ ಒಂದು ಮಾತ್ರೆ ನುಂಗಿಸಿ, ಎಡಮಗ್ಗುಲಿಗೆ ಮಲಗಿಸಿ, ಗುಡ್ಡದ ತುದಿಗೆ ಓಡಿದಳು. ಫೋನ್ ಸಿಗುವುದು ಅಲ್ಲಿ ಮಾತ್ರ. ಆಂಬುಲೆನ್ಸ್ ಸೇತುವೆಯವರೆಗೆ ಬರುತ್ತದೆ, ಅದರಿಂದ ಮೇಲಕ್ಕೆ ಹತ್ತುವುದಿಲ್ಲ ಎಂಬ ಉತ್ತರ ಬಂತು. ಅಶಿರ್ ಗುಡಾರದ ಒಳಗಿದ್ದ ಕಂಬಳಿಗಳನ್ನೆಲ್ಲ ತಂದು ಟ್ರೇಲರಿನಲ್ಲಿ ಹಾಸಿದ. ಅವಳನ್ನು ಎತ್ತಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಟ್ರ್ಯಾಕ್ಟರ್ ಮಾವ ಸೇತುವೆಯವರೆಗೆ ಅಷ್ಟು ನಿಧಾನವಾಗಿ ಓಡಿಸಿದರೆಂದರೆ, ಪಕ್ಕದಲ್ಲಿ ನಡೆಯುತ್ತಿದ್ದ ನಾನು ಎರಡು ಸಲ ಮುಂದೆ ಹೋಗಿ ಕಾಯಬೇಕಾಯಿತು. ಒಂದು ಕಲ್ಲು ಕಂಡರೂ ನಿಲ್ಲಿಸಿ, ಇಳಿದು, ಬೈದು, ಪಕ್ಕಕ್ಕೆ ಉರುಳಿಸಿ ಮತ್ತೆ ಹತ್ತುತ್ತಿದ್ದರು.

ಮಗು ಹೊತ್ತಿಗೆ ಮೊದಲೇ, ಜಿಲ್ಲಾ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು ಇತ್ತೆಂದು ಅಶಿರ್ ಬಂದು ಹೇಳಿದ. ಗಾಜಿನ ಪೆಟ್ಟಿಗೆಯಲ್ಲಿ ಒಂದಷ್ಟು ವಾರ ಇಟ್ಟಿದ್ದರು. ಈಗ ಆ ಹುಡುಗಿ ನಮ್ಮ ಕುರಿಮರಿಗಳನ್ನು ಬಾಲ ಹಿಡಿದು ಎಳೆಯುತ್ತಾಳೆ. ಜಿಪಾರ್ ಚೆನ್ನಾಗಿದ್ದಾಳೆ. ಅವಳು ಇಲ್ಲದ ಆ ದಿನಗಳಲ್ಲಿ ಅಶಿರ್‌ನ ಹಸುಗಳ ಹಾಲನ್ನು ನಿಜವಾಗಿಯೂ ಟ್ರ್ಯಾಕ್ಟರ್ ಮಾವನೇ ಕರೆದರು. ನನ್ನ ಮಾವ ಅದನ್ನು ನೋಡುವುದಕ್ಕೆಂದೇ ಕುದುರೆ ಏರಿ ಮೇಲೆ ಬಂದು, ಮುದುಕ ಹೆಂಗಸಾದ ಎಂದು ನಗಾಡಿ, ಆಮೇಲೆ ತಾವೂ ಒಂದು ಬಕೆಟ್ ಹಿಡಿದು ಕೂತರು.

ಜಿಪಾರ್‌ಳನ್ನು ಸೇತುವೆಯಲ್ಲಿ ಆಂಬುಲೆನ್ಸಿಗೆ ಹತ್ತಿಸಿ ವಾಪಸು ಬಂದ ಸಂಜೆ ನಾನು ಟ್ರ್ಯಾಕ್ಟರ್ ಮಾವನಿಗೆ ಚಹಾ ಕೊಟ್ಟೆ. ಅವರು ಬಟ್ಟಲು ಹಿಡಿದುಕೊಂಡು ತೊರೆಯ ಕಡೆ ನೋಡುತ್ತಾ ಕೂತರು.

"ಅವಳಿಗೆ ಟ್ರ್ಯಾಕ್ಟರ್ ಕಂಡರೆ ಆಗ್ತಿರಲಿಲ್ಲ," ಎಂದರು. ಯಾರಿಗೆ ಎಂದು ನಾನು ಕೇಳಬೇಕಾಗಿರಲಿಲ್ಲ. "ಮದುವೆಯಾದ ಹೊಸದರಲ್ಲಿ ಹೊಲಕ್ಕೆ ಊಟ ತರೋಳು. ಹತ್ತು, ಮನೆಗೆ ಬಿಡ್ತೀನಿ ಅಂದ್ರೆ, ಆ ಪಿಶಾಚಿ ಮೇಲೆ ನಾನು ಕೂರಲ್ಲ ಅಂತ ನಡ್ಕೊಂಡೇ ಹೋಗೋಳು. ನಾನು ಹಿಂದೇನೇ ನಿಧಾನಕ್ಕೆ ಟ್ರ್ಯಾಕ್ಟರ್ ಓಡಿಸ್ಕೊಂಡು ಬರೋದು. ಅವಳು ತಿರುಗಿ ತಿರುಗಿ ಬೈಯೋದು. ಊರೆಲ್ಲ ಬೇಲಿ ಹತ್ರ ನಿಂತು ನೋಡೋರು."

ಅವರು ನಕ್ಕರು. ಆಮೇಲೆ ಕಾಲ್ಬೂಬೂ ಕೋಳಿಗಳ ಜೊತೆ ಆಡುತ್ತಿದ್ದ ಜಗಳ, ಆಕೆಗೆ ಹಾಡಲು ಬಾರದಿದ್ದರೂ ಎಲ್ಲ ಮದುವೆಗಳಲ್ಲೂ ಮೊದಲು ಹಾಡುತ್ತಿದ್ದದ್ದು, ಮೊದಲ ಮಗಳಿಗೆ ಹೆಸರಿಡುವಾಗ ಇಬ್ಬರಿಗೂ ಮೂರು ದಿನ ಮಾತಿಲ್ಲದೆ ಹೋದದ್ದು, ಒಂದೊಂದಾಗಿ ಹೇಳಿದರು. ಬಟ್ಟಲಿನ ಚಹಾ ಆರಿಹೋಯಿತು. ನಾನು ಇನ್ನೊಂದು ಬಟ್ಟಲು ಸುರಿದೆ. ಅದೂ ಆರಿತು. ಅವರು ಹೇಳುತ್ತಲೇ ಇದ್ದರು, ನಾನು ಕೇಳುತ್ತಲೇ ಇದ್ದೆ.